ಹೆಸರುಗಳನ್ನು ಯಾವ ಪುಸ್ತಕದಿಂದ ತೆಗೆದುಕೊಳ್ಳುತ್ತೀರಿ?

ಓದುಗರ ಪತ್ರ: ನಾನು ರಾಯಚೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಈ ವರ್ಷ, ಅಂದರೆ 2025ರಲ್ಲಿ, ಎಸ್ಸೆಸ್ಸೆಲ್ಸಿ ಮುಗಿಸಿದೆ. ನಮ್ಮ ಕ್ಲಾಸಿನವರೆಲ್ಲ ಸೇರಿ ಮೂರು ವರ್ಷದ ನೆನಪುಗಳ ಒಂದು ಕೈಬರಹದ ಪುಸ್ತಕ ಮಾಡುತ್ತಿದ್ದೇವೆ. ಟಿ.ಸಿ. ತೆಗೆದುಕೊಳ್ಳಲು ಬಂದಾಗ ಅದನ್ನು ಶಾಲೆಗೆ ಕೊಡಬೇಕೆಂದಿದ್ದೇವೆ. ಎಂಟನೇ ತರಗತಿಗೆ ಸೇರಿದಾಗ 46 ಮಂದಿ ಇದ್ದೆವು. ಸೆಂಡಾಫ್ ದಿನದ ಫೋಟೊದಲ್ಲಿ 34 ಮಂದಿ ಇದ್ದೇವೆ. ಪಾಸಾದವರು 21. ಪಾಸಾದವರದ್ದು ಮಾತ್ರ ಹಾಕೋಣ ಎಂದು ಕೆಲವರು, ಫೋಟೊದಲ್ಲಿದ್ದವರೆಲ್ಲ ಇರಲಿ ಎಂದು ಕೆಲವರು. ಶಾಲೆ ಬಿಟ್ಟವರ ಮಾತೆತ್ತಿದರೆ ‘ಅವರು ಬ್ಯಾಸರ ಮಾಡ್ಕೋತಾರ, ಬಿಡು’ ಅನ್ನುತ್ತಾರೆ. ಇನ್ನೊಂದು ತೊಂದರೆ, ಎಲ್ಲರೂ ‘ಮರೆಯಲಾಗದ ದಿನಗಳು’ ಅಂತ ಒಂದೇ ಥರ ಬರೆದುಕೊಟ್ಟಿದ್ದಾರೆ. ಏನು ಮಾಡಲಿ? ನನ್ನ ಹೆಸರು ಹಾಕಬೇಡಿ.

ಸಂಪಾದಕರ ಉತ್ತರ:

ಪ್ರಿಯ ತಂಗಿ,

ನಿನ್ನ ಪತ್ರವನ್ನು ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನೀನು ಬರೆದ 46, 34, 21 ಎಂಬ ಮೂರು ಅಂಕಿಗಳು ಎರಡು ದಿನದಿಂದ ತಲೆಯಿಂದ ಇಳಿದಿಲ್ಲ.

ಮೊದಲು ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. ನಾನೂ ನಿನ್ನ ಜಿಲ್ಲೆಯವನೇ, ತುಂಗಭದ್ರಾ ಎಡದಂಡೆ ಕಾಲುವೆಯ ಕಡೆಯವನು. ಹತ್ತನೇ ತರಗತಿ ಮುಗಿಸಿದ್ದು 1987ರಲ್ಲಿ. ಇಪ್ಪತ್ತೈದು ವರ್ಷವಾದಾಗ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಗುರುವಂದನೆ ಇಟ್ಟುಕೊಂಡೆವು, ಒಂದು ಸ್ಮರಣ ಸಂಚಿಕೆಯನ್ನೂ ತಂದೆವು. ಅದನ್ನು ಸಿದ್ಧಮಾಡಿದವನು ನಾನು. ಹೆಸರುಗಳಿಗಾಗಿ ಶಾಲೆಗೆ ಹೋಗಿ ಪರೀಕ್ಷೆಗೆ ಕೂತವರ ಪಟ್ಟಿ ಬರೆದುಕೊಂಡು ಬಂದೆ. ಎಲ್ಲರ ಹೆಸರೂ ಸಿಕ್ಕಿತು ಎಂದುಕೊಂಡೆ. ಕಾರ್ಯಕ್ರಮದ ದಿನ ಪೆಂಡಾಲಿನ ಹಿಂದೆ ಒಬ್ಬಾತ ಬುಟ್ಟಿ ಹಿಡಿದು ಅನ್ನ ಬಡಿಸುತ್ತಿದ್ದ. ಅಡುಗೆಯವರ ಕಡೆಯ ಆಳು ಎಂದುಕೊಂಡು ಇನ್ನಷ್ಟು ಸಾರು ತರಲು ಹೇಳಿದೆ. ತಂದು ಹಾಕಿದ. ಕೈ ತೊಳೆಯುವಾಗ ಪಕ್ಕದವರು ಹೇಳಿದರು, ಎಂಟನೇ ತರಗತಿಯಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದವನು ಅವನು. ಒಂಬತ್ತನೇ ತರಗತಿಯ ನಡುವೆ ಅಕ್ಕಿ ಗಿರಣಿಗೆ ಕೆಲಸಕ್ಕೆ ಹೋಗಿದ್ದ. ನಾವೆಲ್ಲ ಸೇರುತ್ತಿದ್ದೇವೆಂದು ಕೇಳಿ, ಯಾರೂ ಕರೆಯದಿದ್ದರೂ ಬೆಳಗ್ಗೆಯೇ ಬಂದು ಕೆಲಸಕ್ಕೆ ನಿಂತಿದ್ದ. ನಾನು ಹುಡುಕಿಕೊಂಡು ಹೋಗುವಷ್ಟರಲ್ಲಿ ಹೊರಟುಹೋಗಿದ್ದ. ಫೋಟೊ ಅದಾಗಲೇ ತೆಗೆದಾಗಿತ್ತು.

ಅದಕ್ಕೇ ನಿನಗೆ ಹೇಳುವುದು: ಪಾಸಾದವರ ಪಟ್ಟಿ ಬೇಡ, ಫೋಟೊನೂ ಬೇಡ. ಹೆಡ್ ಮಾಸ್ತರನ್ನು ಕೇಳಿ ನಿಮ್ಮ ಎಂಟನೇ ತರಗತಿಯ ಹಾಜರಿ ಪುಸ್ತಕ ತೆಗೆಸು. ಅದರ ಮೊದಲ ತಿಂಗಳ ಹಾಳೆಯಲ್ಲಿ ಇರುವ 46 ಹೆಸರನ್ನೂ ಅದೇ ಕ್ರಮದಲ್ಲಿ ಬರೆದುಕೋ. ನಿಮ್ಮ ಕ್ಲಾಸು ಎಂದರೆ ಆ ಹಾಳೆ.

ನಿಮಗೆ ಆ ಮೊದಲ ತಿಂಗಳು ಮೇ ಆಗಿತ್ತು, ನೆನಪಿರಬೇಕು. 2022ರಲ್ಲಿ ‘ಕಲಿಕಾ ಚೇತರಿಕೆ’ ಎಂದು ಶಾಲೆಗಳನ್ನು ಮೇ 16ಕ್ಕೇ ತೆರೆದರು. ಐದನೇ ತರಗತಿಯ ಕೊನೆಯಲ್ಲಿ ಕೊರೊನಾ ಬಂದು ಮನೆಗೆ ಹೋದವರು ನೀವು. ಆರನೇ ತರಗತಿ ನಡೆದದ್ದು ವಿದ್ಯಾಗಮದಲ್ಲಿ, ಅಂದರೆ ಶಾಲೆ ಮುಚ್ಚಿದ್ದಾಗ ಮೇಷ್ಟ್ರುಗಳೇ ಊರೊಳಗೆ ಬಂದು ಮಾಡುತ್ತಿದ್ದ ಪಾಠದಲ್ಲಿ, ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ. ಏಳಕ್ಕೆ ಬಂದಾಗಲೂ ಸೆಪ್ಟೆಂಬರ್‌ವರೆಗೆ ಬಾಗಿಲು ತೆರೆದಿರಲಿಲ್ಲ. ಹಾಗೆ ಬಂದವರನ್ನು ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲಿ ಹೈಸ್ಕೂಲಿನ ಕೋಣೆಯಲ್ಲಿ ಕೂರಿಸಿದರು. ಎರಡು ವರ್ಷ ಪುಸ್ತಕ ಬಿಟ್ಟವರು ಗಟ್ಟಿಯಾಗಿ ಓದಿ ಎಂದಾಗ ಯಾರ ದನಿ ನಡುಗಿತು, ಯಾರು ಯಾರಿಗೆ ಮೆಲ್ಲಗೆ ಹೇಳಿಕೊಟ್ಟರು, ಇದನ್ನು ಬರೆಸು. ನಿಮ್ಮ ಪುಸ್ತಕದ ಮೊದಲ ಪುಟ ಇದೇ ಆಗಲಿ ಎಂದು ನನ್ನಾಸೆ.

ಪರೀಕ್ಷೆಗಳ ವಿಷಯವನ್ನೂ ಬಿಡಬೇಡ. ನಿಮ್ಮಷ್ಟು ಬೋರ್ಡ್ ಪರೀಕ್ಷೆ ಕಂಡವರು ನಮ್ಮ ಕಾಲದಲ್ಲಿ ಯಾರೂ ಇರಲಿಲ್ಲ. ಎಂಟರಲ್ಲಿ, 2023ರ ಮಾರ್ಚ್ ಕೊನೆಯಲ್ಲಿ, ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದ ಮೇಲೆ ಒಂದು ಪರೀಕ್ಷೆ. ಒಂಬತ್ತರದ್ದಂತೂ ಹೇಳುವುದೇ ಬೇಡ. 2024ರ ಮಾರ್ಚ್ 11ಕ್ಕೆ ಶುರುವಾಯಿತು, ಸುಪ್ರೀಂ ಕೋರ್ಟಿನ ಆದೇಶ ಬಂದು ನಡುವೆಯೇ ನಿಂತಿತು, ಹೈಕೋರ್ಟು ಒಪ್ಪಿದ ಮೇಲೆ 25ರಿಂದ ಉಳಿದ ವಿಷಯ ಬರೆದಿರಿ, ಏಪ್ರಿಲ್‌ನಲ್ಲಿ ಫಲಿತಾಂಶಕ್ಕೆ ಮತ್ತೆ ಸುಪ್ರೀಂ ಕೋರ್ಟಿನ ತಡೆ. ಹತ್ತರಲ್ಲಿ ತಲೆಯ ಮೇಲೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ. ದೊಡ್ಡವರು ಇದನ್ನೆಲ್ಲ ಪತ್ರಿಕೆಗಳಲ್ಲಿ ಚರ್ಚೆ ಮಾಡಿದೆವು, ನಮ್ಮ ಪತ್ರಿಕೆಯೂ ಮಾಡಿತು. ಪರೀಕ್ಷೆ ನಿಂತ ದಿನ ಮನೆಗೆ ಹೋಗಿ ಏನು ಮಾಡಿದಿರಿ ಎಂದು ಯಾರೂ ನಿಮ್ಮನ್ನು ಕೇಳಲಿಲ್ಲ. ನಡುವೆ ಸಿಕ್ಕ ಆ ದಿನಗಳಲ್ಲಿ ಕೂಲಿಗೆ ಹೋಗಿ, ಮತ್ತೆ ಬಂದು ಬರೆಯದೇ ಉಳಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಅದನ್ನು ಬರೆಯುವ ಹಕ್ಕು ನಿಮಗಿದೆ.

ಈಗ ನಡುವೆ ಶಾಲೆ ಬಿಟ್ಟ ಆ ಹನ್ನೆರಡು ಮಂದಿಯ ಮಾತಿಗೆ ಬರುತ್ತೇನೆ.

ಹಾಜರಿ ಪುಸ್ತಕ ಕೈಗೆ ಬಂದಾಗ ಅಕ್ಟೋಬರ್‌ನಿಂದ ಮುಂದಿನ ಹಾಳೆಗಳನ್ನು ನಿಧಾನವಾಗಿ ನೋಡು. ಹತ್ತಿ ಬಿಡಿಸುವ ಕಾಲ ಅದು. ಬೆಳಗ್ಗೆ ಟಂಟಂ ಗಾಡಿಗಳು ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುವುದನ್ನು ನೀನು ದಿನಾ ನೋಡಿದ್ದೀಯ. ‘ಹತ್ತಿ ಬಿಡಸಾಕ ಹೋಗ್ಯಾಳ್ರೀ ಸರ್’ ಎಂದು ಗೆಳತಿಯ ಪರವಾಗಿ ನೀನೇ ಎಷ್ಟು ಸಲ ಎದ್ದು ಹೇಳಿರಬೇಕು. ಅದು ಮುಗಿದರೆ ಮೆಣಸಿನಕಾಯಿ. ಮೊದಲು ವಾರಕ್ಕೆ ಎರಡು ಗೈರು, ಆಮೇಲೆ ನಾಲ್ಕು, ಆಮೇಲೆ ಇಡೀ ಸಾಲು ಗೈರು, ಮುಂದಿನ ವರ್ಷದ ಪುಸ್ತಕದಲ್ಲಿ ಹೆಸರೇ ಇಲ್ಲ. ಯಾವ ಮಗುವೂ ಒಂದೇ ದಿನಕ್ಕೆ ಶಾಲೆ ಬಿಡುವುದಿಲ್ಲ. ಬಿಡುವ ದಿನ ಅದಕ್ಕೂ ಗೊತ್ತಿರುವುದಿಲ್ಲ, ನಾಳೆ ಬರುತ್ತೇನೆ ಎಂದೇ ಹೋಗಿರುತ್ತದೆ.

ಇದರಲ್ಲಿ ಕಾಯ್ದೆಯ ಪಾಲೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಕಾಯುವುದು 6ರಿಂದ 14 ವರ್ಷದವರನ್ನು, ಎಂಟನೇ ತರಗತಿಯವರೆಗೆ ಮಾತ್ರ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂತು. 14ರ ಒಳಗಿನವರನ್ನು ಯಾವ ಕೆಲಸಕ್ಕೂ ಹಚ್ಚಬಾರದು ಎಂದಿತು, ಮನೆಯವರಿಗೆ ಕೈಜೋಡಿಸುವುದನ್ನು ಹೊರತಾಗಿಟ್ಟಿತು. 14 ದಾಟಿದವರಿಗೆ ಅಪಾಯದ ಕೆಲಸಗಳನ್ನಷ್ಟೇ ತಡೆಯಿತು. ಅಂದರೆ ಒಂಬತ್ತನೇ ತರಗತಿಯ ಹೊಸ್ತಿಲಲ್ಲಿ ಎರಡೂ ಕಾಯ್ದೆಗಳು ಒಟ್ಟಿಗೇ ಕೈ ಸಡಿಲಿಸುತ್ತವೆ. ನಿನ್ನ ಗೆಳತಿಯರು ಜಾರಿದ್ದು ಆ ಸಂದಿಯಲ್ಲಿ. ಓದಿನಲ್ಲಿ ಆಸಕ್ತಿ ಇರಲಿಲ್ಲ ಎಂದು ಅವರ ಬಗ್ಗೆ ಬರೆಯಲು ಹೊರಟವರಿಗೆ ಇದನ್ನು ತೋರಿಸು.

‘ಅವರು ಬೇಸರ ಮಾಡಿಕೊಳ್ಳುತ್ತಾರೆ’ ಎನ್ನುವ ಮಾತಿನಲ್ಲಿ ಒಂದು ಪಾಲು ನಿಜವಿದೆ. ಅದಕ್ಕೆ ದಾರಿ ಕೇಳಿ ಬರೆಯುವುದು. ಪ್ರತಿಯೊಬ್ಬರಿಗೂ ಒಂದು ಪುಟ ಖಾಲಿ ಬಿಟ್ಟು, ಆ ಪುಟವನ್ನೇ ಅವರ ಮನೆಗೆ ಒಯ್ಯಿ. ಅವರ ಕೈಯಿಂದಲೇ ಬರೆಸಿ. ನಾಲ್ಕೇ ಸಾಲು ಸಾಕು. ಬರೆಯುವುದು ಮರೆತಿದೆ ಎಂದರೆ ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದು, ಕೆಳಗೆ ಅವರಿಂದ ಸಹಿ ಹಾಕಿಸಿ. ಬೇಡ ಎಂದರೆ ಹೆಸರೊಂದನ್ನೇ ಇಡಿ. ಹೆಸರೂ ಬೇಡ ಎಂದರೆ ಪುಟ ಖಾಲಿ ಇರಲಿ, ಹರಿಯಬೇಡಿ. ಮದುವೆಯಾದ ಹುಡುಗಿಯರಿದ್ದರೆ ಆ ವಿಷಯ ನೀವಾಗಿ ಎತ್ತಬೇಡಿ. ಅವರು ಇನ್ನೂ ಹದಿನೆಂಟು ತುಂಬದವರು, ಬರಹದಲ್ಲಿ ಬಂದದ್ದು ಯಾರ ಕೈಗೆ ಹೋಗುತ್ತದೋ ಹೇಳಲಾಗದು. ಯಾರಿಗಾದರೂ ಈಗ ಮದುವೆಯ ಮಾತುಕತೆ ನಡೆಯುತ್ತಿದ್ದು, ಅವಳಿಗೆ ಮನಸ್ಸಿಲ್ಲದಿದ್ದರೆ ಅದು ಪುಸ್ತಕಕ್ಕೆ ಸೇರುವ ಸಂಗತಿಯಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ಹೇಳುವ ಸಂಗತಿ.

ಹೋದಾಗ ಬರಿಗೈಲಿ ಹೋಗಬೇಡಿ, ಒಂದು ಸುದ್ದಿ ಒಯ್ಯಿರಿ. ಶಾಲೆ ಬಿಟ್ಟವರು ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಬರೆಯಬಹುದು. ಅರ್ಜಿ ಹಾಕುವುದು ಯಾವಾಗ ಎಂದು ನಿಮ್ಮ ಹೆಡ್ ಮಾಸ್ತರನ್ನೇ ಕೇಳಿ ಬರೆದುಕೊಂಡು ಹೋಗು. ನಾಪಾಸಾದ ಹದಿಮೂರು ಮಂದಿಗೆ ಈ 2025ರಲ್ಲೇ ಪರೀಕ್ಷೆ-2, ಪರೀಕ್ಷೆ-3 ಇವೆ. 2024ರಿಂದ ವರ್ಷಕ್ಕೆ ಮೂರು ಪರೀಕ್ಷೆ ಮಾಡಿದ್ದು ಅವರಿಗಾಗಿಯೇ. ಪುಸ್ತಕದ ಕೆಲಸಕ್ಕೆ ಎಂದು ದಿನಾ ಸೇರುತ್ತೀರಲ್ಲ, ಅದರಲ್ಲಿ ಒಂದು ತಾಸು ಅವರ ಜೊತೆ ಗಣಿತಕ್ಕೆ ಕೂರಿ. 21 ಮಂದಿಯಲ್ಲಿ ಗಣಿತ ಚೆನ್ನಾಗಿ ಬರುವವರು ಇಬ್ಬರಾದರೂ ಇರುತ್ತಾರೆ.

ಇನ್ನು ‘ಮರೆಯಲಾಗದ ದಿನಗಳು’. ಯಾರನ್ನೂ ಬೈಯಬೇಡ. ನೆನಪು ಬರೆಯಿರಿ ಎಂದರೆ ಯಾರೇ ಆದರೂ ಹಾಗೆಯೇ ಬರೆಯುತ್ತಾರೆ, ಮೂವತ್ತು ವರ್ಷ ಬರೆದವರೂ ನನಗೆ ಹಾಗೆ ಬರೆದು ಕಳಿಸುತ್ತಾರೆ. ನೀನು ಕೇಳುವ ಪ್ರಶ್ನೆ ಸಣ್ಣದಾಗಿರಲಿ. ನಿನ್ನ ಪಕ್ಕ ಯಾರು ಕೂರುತ್ತಿದ್ದರು, ಅವರ ಕಂಪಾಸ್ ಪೆಟ್ಟಿಗೆಯಲ್ಲಿ ಏನಿತ್ತು? ಬಸ್ಸು ತಪ್ಪಿದ ದಿನ ಯಾರ ಜೊತೆ ನಡೆದೆ? ಎಂಟರಲ್ಲಿ ಸಿಗುತ್ತಿದ್ದ ಮೊಟ್ಟೆ, ಒಂಬತ್ತಕ್ಕೆ ಬಂದಾಗ ನಿಮಗಿಲ್ಲ ಎಂದರು, ಆಮೇಲೆ 2023ರಲ್ಲೇ 9 ಮತ್ತು 10ಕ್ಕೂ ಕೊಡಲು ಶುರುಮಾಡಿದರು. ನಡುವಿನ ಆ ವಾರಗಳಲ್ಲಿ ಎಂಟನೆಯವರ ಸಾಲನ್ನು ನೋಡುತ್ತಾ ಕೂತದ್ದು ನೆನಪಿದೆಯೇ? ಬಿಸಿಯೂಟದ ಅಮ್ಮ ಯಾರಿಗೆ ಒಂದು ಸೌಟು ಹೆಚ್ಚು ಹಾಕುತ್ತಿದ್ದರು, ಏಕೆ? ಹೀಗೆ ಕೇಳಿದರೆ ಯಾರೂ ಇನ್ನೊಬ್ಬರ ಹಾಗೆ ಬರೆಯಲಾರರು.

ಜೊತೆಗೆ ಕೋಣೆಯ ಒಂದು ನಕ್ಷೆ ಬರೆಯಿರಿ. ಯಾವ ಬೆಂಚು, ಯಾವ ಕಿಟಕಿ, ಸೋರುತ್ತಿದ್ದ ಜಾಗ, ಯಾರ ಜಾಗ ಯಾವುದು, ಮೊದಲ ತಿಂಗಳಿನದು ಒಂದು, ಕೊನೆಯ ತಿಂಗಳಿನದು ಒಂದು. ಎದುರುಬದುರು ಪುಟದಲ್ಲಿ ಅಂಟಿಸಿ. ಮುನ್ನುಡಿ ಬೇಕಿಲ್ಲ, ಅತಿಥಿಗಳ ಸಂದೇಶವೂ ಬೇಕಿಲ್ಲ. ಅಂಕ ಎಲ್ಲಿಯೂ ಬರೆಯಬೇಡಿ. ಈ ಸಲ 22 ಮಂದಿ 625ಕ್ಕೆ 625 ತೆಗೆದಿದ್ದಾರೆ, ಅವರ ಹೆಸರು ಎಲ್ಲ ಪತ್ರಿಕೆಗಳಲ್ಲೂ ಬಂದಿದೆ, ಬರಲಿ, ಸಂತೋಷವೇ. ನಿಮ್ಮ ಕೋಣೆಯ ನಕ್ಷೆ ನೀವು ಬರೆಯದಿದ್ದರೆ ಬೇರೆ ಎಲ್ಲಿಯೂ ಬರುವುದಿಲ್ಲ.

ಪುಸ್ತಕ ಮುಗಿದ ಮೇಲೆ ಒಂದು ಜೆರಾಕ್ಸ್ ಪ್ರತಿ ನಮಗೆ ಕಳಿಸು, ಖರ್ಚು ನಮ್ಮದು. ಬರೆದವರು ಒಪ್ಪಿದ ಪುಟಗಳನ್ನು ಅವರ ಕೈಬರಹದಲ್ಲೇ ಇಲ್ಲಿ ಅಚ್ಚುಮಾಡುತ್ತೇವೆ. ಟಿ.ಸಿ. ದಿನಕ್ಕೆ ಎಲ್ಲರೂ ಸಿಗದಿದ್ದರೆ ಪುಸ್ತಕ ಒಂದು ತಿಂಗಳು ತಡವಾದರೂ ಚಿಂತೆಯಿಲ್ಲ. ಬೆಂಗಳೂರಿಗೆ ಗುಳೆ ಹೋದವರಿಂದ ಶುರುಮಾಡು, ಅವರನ್ನು ಹುಡುಕುವುದೇ ಹೆಚ್ಚು ಹೊತ್ತು ಹಿಡಿಯುತ್ತದೆ. ಊರಲ್ಲಿರುವ ಅಜ್ಜಿಯ ಬಳಿ ಫೋನ್ ನಂಬರ್ ಇರುತ್ತದೆ. ಕಟ್ಟಡದ ಕೆಲಸದವರಾದರೆ ಭಾನುವಾರ ಬಟವಾಡೆಯ ದಿನ ಮಾಡು, ಮಾತಾಡಲು ಬಿಡುವು ಸಿಗಬಹುದು.