ಬೈಕಿನಲ್ಲಿ ಹಿಂದೆ ಮುಂದೆ ಕೂತವರು ಮಾತಾಡಿಕೊಳ್ಳುವ ಹೆಲ್ಮೆಟ್ ಇಂಟರ್‌ಕಾಮ್‌ನಲ್ಲಿ ಗಾಳಿ ಸದ್ದು ಜಾಸ್ತಿ, ಮಾತೇ ಕೇಳಿಸಲ್ಲ. ಏನು ಮಾಡಲಿ?

ವೇಗ ಗಂಟೆಗೆ 80 ಕಿ.ಮೀ. ದಾಟಿದರೆ ಹಿಂದೆ ಕೂತವರ ಮಾತು ಗಾಳಿಯಲ್ಲಿ ಮುಳುಗುತ್ತದೆ ಅಂದಿದ್ದೀರಿ. ಸುಮ್ನೆ ವಾಲ್ಯೂಮ್ ಏರಿಸಬೇಡಿ. ಮೊದಲು ಅವರ ಹೆಲ್ಮೆಟ್‌ನ ಮೈಕ್ ನೋಡಿ.

ಫುಲ್‌ಫೇಸ್ ಹೆಲ್ಮೆಟ್ ಆದರೆ ಕಡ್ಡಿ ಮೈಕ್‌ಗಿಂತ ವೈರಿನ ಪುಟ್ಟ ಬಟನ್ ಮೈಕ್ ವಾಸಿ. ಗದ್ದದ ಭಾಗದ ಒಳಗೆ, ತುಟಿಗೆ ನೇರವಾಗಿ ಅಂಟಿಸಿ. ಅದರ ಸ್ಪಂಜಿನ ಟೋಪಿ ತೆಗೆಯಲೇಬೇಡಿ, ಗಾಳಿ ತಡೆಯುವುದೇ ಅದು. ಕಡ್ಡಿ ಮೈಕ್‌ನಲ್ಲಿ ಬಾಣವೋ ಚುಕ್ಕಿಯೋ ಇದ್ದರೆ ಆ ಮುಖ ಬಾಯಿ ಕಡೆಗಿರಬೇಕು. ನಾನು ಒಮ್ಮೆ ಅದನ್ನು ತಿರುಗಿಸಿ ಹಾಕಿಕೊಂಡು ಶಿರಾಡಿ ಘಾಟ್ ಪೂರ್ತಿ ಕಿರುಚಿಕೊಂಡೇ ಇಳಿದಿದ್ದೆ.

ಸ್ಪೀಕರ್ ಕಿವಿಯ ತೂತಿಗೆ ನೇರ ಇರಲಿ. ಒಂದು ಸೆಂಟಿಮೀಟರ್ ಸರಿದರೂ ಸದ್ದು ಇಳಿಯುತ್ತದೆ. ಫೋಮ್ ಇಯರ್‌ಪ್ಲಗ್ ಹಾಕಿ ನೋಡಿ. ಗಾಳಿಯ ಗುಡುಗು ತಗ್ಗಿ ಮಾತು ಬಿಡಿಬಿಡಿಯಾಗಿ ಕೇಳುತ್ತದೆ. ವಾಲ್ಯೂಮ್ ಸ್ವಲ್ಪ ಏರಿಸಬೇಕಾಗುವುದು ಆಗಲೇ.

ಮಾತಾಡದಿದ್ದರೂ ಮೈಕ್ ತಾನೇ ಆನ್ ಆಗುತ್ತಿದ್ದರೆ, ಧ್ವನಿಗೆ ಎಚ್ಚರಗೊಳ್ಳುವ ಸೆಟಿಂಗ್‌ನ ಸೂಕ್ಷ್ಮತೆ ತಗ್ಗಿಸಿ. ಗಾಳಿಯನ್ನೇ ಅದು ಮಾತು ಅಂದುಕೊಳ್ಳುತ್ತಿದೆ.

ಇನ್ನು ಗಾಳಿ ಎಲ್ಲಿಂದ ನುಗ್ಗುತ್ತದೆ? ಹೆಚ್ಚಾಗಿ ಗದ್ದದ ಕೆಳಗಿಂದ. ಅಲ್ಲಿಗೆ ಬಟ್ಟೆಯ ಚಿನ್ ಕರ್ಟನ್ ಸಿಗುತ್ತದೆ, ಕುತ್ತಿಗೆಗೆ ಬಫ್ (ಕೊಳವೆಯಂಥ ಬಟ್ಟೆ) ಹಾಕಿದರೂ ಸಾಕು. ಬೈಕಿಗೆ ವಿಂಡ್‌ಶೀಲ್ಡ್ ಇದೆಯಾ? ಖಾಲಿ ನೇರ ರಸ್ತೆಯಲ್ಲಿ ತಲೆ ತುಸು ಬಗ್ಗಿಸಿ ನೋಡಿ. ಸದ್ದು ತಟ್ಟನೆ ಬದಲಾದರೆ ಅದರ ಅಂಚಿನ ಸುಳಿಗಾಳಿಯೇ ಕಾರಣ, ಎತ್ತರ ಬದಲಿಸಿ.