ಮೂಡಿಗೆರೆ ತೋಟದಲ್ಲಿ 3 ದಿನದ ವಿಬಿಎಸ್ (ಮಕ್ಕಳ ರಜೆಯ ಬೈಬಲ್ ಶಾಲೆ): ಏನೇನು ತಯಾರಿ?

ಬ್ರದರ್, ಮೇ ತಿಂಗಳಲ್ಲಿ ಹಾಸನದಿಂದ 12 ಜನರ ತಂಡ, ಕಾಫಿ ತೋಟದ ಲೈನ್ ಮನೆಗಳ (ಕಾರ್ಮಿಕರ ಸಾಲುಮನೆ) 40 ಮಕ್ಕಳಿಗೆ ವಿಬಿಎಸ್ ಅಂದಿರಿ. ಹಾಡು, ನಾಟಕ ಆಮೇಲೆ. ಮೊದಲು ತೋಟದ ಮಾಲೀಕರ ಒಪ್ಪಿಗೆ, ಪ್ರತಿ ಮಗುವಿನ ತಂದೆತಾಯಿಯ ಸಹಿ. ಬರೀ ರೈಟರ್ (ತೋಟದ ಗುಮಾಸ್ತ) ಹೂಂ ಅಂದರೆ ಸಾಲದು. ಎರಡನೇ ದಿನವೇ ಗೇಟಿನಲ್ಲಿ ನಿಲ್ಲಿಸಿಬಿಡುತ್ತಾರೆ.

ಭಾಷೆ ವಿಚಾರಿಸಿಕೊಳ್ಳಿ. ಲೈನ್‌ಗಳಲ್ಲಿ ತಮಿಳು, ತುಳು ಇದ್ದೇ ಇದೆ, ಈಚೆಗೆ ಅಸ್ಸಾಮಿನ ಕುಟುಂಬಗಳೂ ಬಂದಿವೆ. ಉದ್ದನೆಯ ಕನ್ನಡ ಕಥೆಗೆ ಆ ಮಕ್ಕಳು ಹತ್ತೇ ನಿಮಿಷದಲ್ಲಿ ಎದ್ದು ಹೋಗುತ್ತವೆ. ಚಿತ್ರದ ಕಾರ್ಡು, ಕೈಸನ್ನೆಯ ಹಾಡು ಇರಲಿ.

ಸಮಯ ಬೆಳಿಗ್ಗೆ 9ರಿಂದ 12. ಮೇನಲ್ಲಿ ಮಧ್ಯಾಹ್ನದ ಮೇಲೆ ಗುಡುಗುಮಳೆ, ಕರೆಂಟೂ ಹೋಗುತ್ತದೆ, ಪ್ರೊಜೆಕ್ಟರ್ ನಂಬಬೇಡಿ.

ಒಂದು ಹೊತ್ತಿನ ಉಪ್ಪಿಟ್ಟಿಗೆ ಮಗುವಿಗೆ 60 ಗ್ರಾಂ ರವೆಯಂತೆ ಎರಡೂವರೆ ಕೆಜಿ, ತಂಡಕ್ಕೆ ಇನ್ನೊಂದು ಕೆಜಿ. ನೀರು ಕುದಿಸಿಯೇ ಕೊಡಿ. ಡಾಕ್ಟರ್ ಜೊತೆಗಿಲ್ಲದಿದ್ದರೆ ಮಾತ್ರೆ ಹಂಚಬೇಡಿ; ಗಾಯಕ್ಕೆ ಬ್ಯಾಂಡೇಜ್, ಬೇಧಿಗೆ ಓಆರ್‌ಎಸ್ (ದೊಡ್ಡ ಪ್ಯಾಕೆಟ್ಟಿಗೆ ಸರಿಯಾಗಿ 1 ಲೀಟರ್ ನೀರು) ಸಾಕು.

ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರು, ಅದರಲ್ಲೊಬ್ಬರು ಹೆಂಗಸು. ಮುಖ ಕಾಣುವ ಫೋಟೋ ಸ್ಟೇಟಸ್‌ಗೆ ಬೇಡ. ಬ್ಯಾಗು, ಬಟ್ಟೆ ಹಂಚುವ ಆಸೆಯನ್ನೂ ಬಿಡಿ: ಪ್ರಾರ್ಥನೆಯ ಜೊತೆ ಉಡುಗೊರೆ ಸೇರಿದರೆ ಮತಾಂತರದ ಆಮಿಷ ಎಂಬ ದೂರು ಬರುತ್ತದೆ, ತಾಪತ್ರಯ ಅನುಭವಿಸುವುದು ಅಲ್ಲೇ ಉಳಿಯುವ ಚರ್ಚಿನ ಸಭೆಯವರು.