ಎಣ್ಣೆ ತಾಳೆ (ಪಾಮ್ ಆಯಿಲ್) ಬೆಳೆಗೆ ಡಿಎನ್ಎ ಮಾರ್ಕರ್, ಅಂದ್ರೆ ಗಿಡದ ಗುಣ ಮೊದಲೇ ತಿಳಿಸೋ ಡಿಎನ್ಎ ಗುರುತು, ಹೇಗೆ ಹುಡುಕ್ತಾರೆ? ಎಂಎಸ್ಸಿ ಮುಗಿಸಿ ಈ ಕೆಲಸಕ್ಕೆ ಬರಬಹುದಾ?

ಖಂಡಿತ ಬನ್ನಿ. ಬೆಂಗಳೂರಲ್ಲಿ ಒಂದು ಲ್ಯಾಬಲ್ಲಿ ಐದು ವರ್ಷ ಇದೇ ಕೆಲಸ ಮಾಡಿದೀನಿ, ಕಂಡಿದ್ದು ಹೇಳ್ತೀನಿ.

ತಾಳೇಲಿ ಮೂರು ಥರ ಇವೆ: ಡ್ಯೂರಾ ಅಂದ್ರೆ ಬೀಜದ ಸುತ್ತ ದಪ್ಪ ಕರಟ, ಪಿಸಿಫೆರಾ ಅಂದ್ರೆ ಕರಟಾನೇ ಇರಲ್ಲ ಆದ್ರೆ ಸಾಮಾನ್ಯವಾಗಿ ಕಾಯಿ ನಿಲ್ಲಲ್ಲ, ಡ್ಯೂರಾ ಹೂವಿಗೆ ಪಿಸಿಫೆರಾ ಪರಾಗ ಹಾಕಿದ್ರೆ ಬರೋದು ಟೆನೆರಾ, ತೆಳು ಕರಟ, ಜಾಸ್ತಿ ತಿರುಳು, ರೈತರಿಗೆ ಬೇಕಾಗಿರೋದು ಇದೇ. ಇದೆಲ್ಲಾ ಒಂದೇ ಜೀನಿಂದು ಅಂತ ಕಾಂಗೋದಲ್ಲಿ 1941ರಲ್ಲೇ ಗೊತ್ತಾಗಿತ್ತು. ಜೀನ್ ಯಾವುದು ಅಂತ ಸಿಕ್ಕಿದ್ದು ಮಾತ್ರ 2013ರಲ್ಲಿ, ಮಲೇಷ್ಯಾದ ಪಾಮ್ ಆಯಿಲ್ ಬೋರ್ಡ್ ತಂಡಕ್ಕೆ. ಇದ್ಯಾಕೆ ಮುಖ್ಯ ಅಂದ್ರೆ, ಎಲ್ಲಿಂದಲೋ ಬೇರೆ ಪರಾಗ ಬಿದ್ದು ಡ್ಯೂರಾ ಸಸಿ ಸೇರಿಕೊಂಡ್ರೆ ನೋಡಿದ್ರೆ ಗೊತ್ತೇ ಆಗಲ್ಲ, ರೈತ ಮೂರ್ನಾಲ್ಕು ವರ್ಷ ನೀರು ಗೊಬ್ಬರ ಹಾಕಿ, ಗೊನೆ ಬಂದು, ಹಣ್ಣು ಕೊಯ್ದು ನೋಡಿದ್ಮೇಲೇ ತಿಳಿಯೋದು. ಮಾರ್ಕರ್ ಇದ್ರೆ ನರ್ಸರೀಲೇ ಒಂದು ಚೂರು ಎಲೆ ಸಾಕು.

ಹುಡುಕೋದು ಹೇಗೆ ಅಂದ್ರೆ, ಎರಡು ಟೆನೆರಾ ಕ್ರಾಸ್ ಮಾಡಿದ್ರೆ ಮಕ್ಕಳಲ್ಲಿ ಮೂರೂ ಥರ 1:2:1 ಲೆಕ್ಕದಲ್ಲಿ ಬರ್ತವೆ. ಪ್ರತಿ ಗಿಡದ ಡಿಎನ್ಎ ಓದಿ, ಕರಟದ ಜೊತೆಜೊತೆಗೇ ಬದಲಾಗೋ ಅಕ್ಷರ ಯಾವುದು ಅಂತ ನೋಡೋದು, ಅದೇ ಮಾರ್ಕರ್. ಎಣ್ಣೆ ಇಳುವರಿ, ಮರದ ಎತ್ತರ ಇವಕ್ಕೆ ಜೀನುಗಳು ತುಂಬಾ ಇರೋದ್ರಿಂದ ನೂರಾರು ಮರಗಳ ಗೊನೆ ವರ್ಷಗಟ್ಟಲೆ ತೂಗಬೇಕು, ನಿಜವಾದ ಕಷ್ಟ ಇರೋದು ಇಲ್ಲೇ, ಲ್ಯಾಬಲ್ಲಲ್ಲ.

ಲ್ಯಾಬ್ ಕೆಲಸ ಕಲೀಬಹುದು. ಬಲಿತ ಎಲೆ ಅರೆದ್ರೆ ಡಿಎನ್ಎ ಕಂದು ಬಣ್ಣಕ್ಕೆ ತಿರುಗಿ ಪಿಸಿಆರ್ (ಡಿಎನ್ಎ ಚೂರನ್ನ ಲಕ್ಷಾಂತರ ನಕಲು ಮಾಡೋ ವಿಧಾನ) ಕೈ ಕೊಡುತ್ತೆ, ಅದಕ್ಕೇ ಇನ್ನೂ ಬಿಚ್ಚದ ಬೆಳ್ಳಗಿನ ಸುಳಿ ಎಲೆ ತಗೊಳ್ಳಿ. ಆದ್ರೆ ತೋಟದಲ್ಲಿ ತಪ್ಪಾದ್ರೆ ಯಾವ ಮೆಷಿನ್ನೂ ಸರಿ ಮಾಡಲ್ಲ. ನಮ್ಮಲ್ಲಿ ಒಂದ್ಸಲ ಎರಡು ಸಾಲಿನ ಲೇಬಲ್ ಅದಲುಬದಲಾಗಿ, ಫಲಿತಾಂಶ ಯಾಕೆ ಹೊಂದ್ತಿಲ್ಲ ಅಂತ ಎರಡು ತಿಂಗಳು ತಲೆ ಕೆಡಿಸಿಕೊಂಡು, ಕೊನೆಗೆ ಅಷ್ಟೂ ಮರದ ಎಲೆ ಮತ್ತೆ ತರಬೇಕಾಯ್ತು. ಆಗ ಅಳು ಬಂದಿತ್ತು ನಂಗೆ.

ಹಾಗಾಗಿ ಸ್ಟಾಟಿಸ್ಟಿಕ್ಸ್ ಚೆನ್ನಾಗಿ ಕಲೀರಿ, ಸೇರೋ ಮುಂಚೆ ಆ ಲ್ಯಾಬಿಗೆ ಸ್ವಂತ ತೋಟ ಇದ್ಯಾ, ಎಷ್ಟು ವರ್ಷದ ಇಳುವರಿ ರೆಕಾರ್ಡ್ ಇದೆ ಅಂತ ಕೇಳಿ, ಸೇರಿದ ಮೊದಲನೇ ವಾರಾನೇ ಪ್ರತಿ ಮರದ ನಂಬರ್ ನೀವೇ ನಡೆದು ಹೋಗಿ ನೋಡ್ಕೊಂಡು ಬನ್ನಿ.